ಹತ್ತುಮೀನಿನ ಮಳೆಗೆ ಮೊಟ್ಟೆಯಿಟ್ಟ ಕೋರಿಗಳು
'ಟ್ಯಾಂಕ್ ಕ್ಲೀನ್ ಮಾಡುತ್ತೆ ತಗೊಳ್ಳಿ' ಅಂತ ಅಂಗಡಿಯವರು ಹೇಳಿದ್ದಕ್ಕೆ ಆರು ಪೆಪ್ಪರ್ಡ್ ಕೋರಿ ತಗೊಂಡೆ, ಅಕ್ವೇರಿಯಂ ತಳದಲ್ಲಿ ಮೇಯುವ ಪುಟ್ಟ ಮೀಸೆಮೀನು. ಶಿವಮೊಗ್ಗದಿಂದ ತೀರ್ಥಹಳ್ಳಿವರೆಗೆ ಬಸ್ಸಿನಲ್ಲಿ ಕವರ್ ತೊಡೆ ಮೇಲೇ ಇತ್ತು. ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಮಚ್ಚೆ, ಎರಡೂ ಪಕ್ಕಕ್ಕೆ ಎರಡೆರಡು ಸಾಲು ಎಲುಬಿನ ತಗಡು.

ಕ್ಲೀನೂ ಇಲ್ಲ, ಏನೂ ಇಲ್ಲ. ಪಾಚಿ ಮೂಸಿಯೂ ನೋಡಲಿಲ್ಲ. ಅವಕ್ಕೂ ಹೊಟ್ಟೆ ಇದೆ ಅಲ್ವಾ, ಮುಳುಗುವ ಫುಡ್ ಬೇರೆ ಹಾಕಬೇಕು. ಚೂಪು ಜಲ್ಲಿ ಹಾಕಿದ್ದು ನನ್ನ ಇನ್ನೊಂದು ತಪ್ಪು, ಮೀಸೆಗಳೆಲ್ಲ ಸವೆದು ಮೊಂಡಾಗಿದ್ದವು. ಜಲ್ಲಿ ತೆಗೆದು, ಹೊಳೆ ಮರಳನ್ನು ಏಳೆಂಟು ಸಲ ತೊಳೆದು ಹಾಕಿದೆ. ಅವತ್ತೇ ಮೂತಿ ಹುದುಗಿಸಿ, ಕಿವಿರಿನಿಂದ ಮರಳು ಉದುರಿಸುತ್ತಾ ಮೇಯತೊಡಗಿದವು.

ಆಗಾಗ ಒಂದು ರಪ್ಪನೆ ಮೇಲೆ ಹೋಗಿ ಗಾಳಿ ನುಂಗಿ ಬರುತ್ತದೆ. ಹೆದರಬೇಡಿ, ಇವು ಕರುಳಿನಿಂದಲೂ ಉಸಿರಾಡುತ್ತವೆ. ಎಲ್ಲವೂ ಪದೇ ಪದೇ ಹೋದರೆ ಮಾತ್ರ ನೀರು ನೋಡಿ.

ಎರಡು ವರ್ಷ ಒಂದು ಮೊಟ್ಟೆಯೂ ಇಲ್ಲ. ಆ ಜೂನ್‌ನಲ್ಲಿ ಮೊದಲ ಮಳೆ ಬಿದ್ದು, ಅಪ್ಪ ಟಾರ್ಚ್ ಹಿಡಿದು ಹತ್ತುಮೀನಿಗೆ, ಅಂದರೆ ಹೊಸ ನೀರಿಗೆ ಮೊಟ್ಟೆಯಿಡಲು ಹೊಳೆಯಿಂದ ಮೇಲೆ ಹತ್ತಿ ಬರುವ ಮೀನಿಗೆ, ಗದ್ದೆ ಕಡೆ ಹೊರಟಾಗ ನನಗೆ ಹೊಳೆಯಿತು. ಇವು ಅರ್ಜೆಂಟೀನಾ, ಉರುಗ್ವೆ ಕಡೆಯ ಮೀನು, ಡಾರ್ವಿನ್ ಬೀಗಲ್ ಹಡಗಿನಲ್ಲಿ ಹೋದಾಗ ಸಂಗ್ರಹಿಸಿದ್ದು, 1842ರಲ್ಲಿ ಹೆಸರಿಟ್ಟಿದ್ದು, ಎಲ್ಲಾ ಸರಿ. ಆದರೆ ಮಳೆ ನೀರು ತಣ್ಣಗೆ ಬಂದರೆ ಅವಕ್ಕೂ ಮೊಟ್ಟೆಯಿಡುವ ಕಾಲ ಬಂತು ಅನ್ನಿಸಬೇಕಲ್ಲ?

ಅರ್ಧ ನೀರು ತೆಗೆದು ಬಾವಿಯ ತಣ್ಣೀರನ್ನು ಸಣ್ಣ ಪೈಪಿನಲ್ಲಿ ನಿಧಾನಕ್ಕೆ ಬಿಟ್ಟೆ. ಬಾವಿ ನೀರಿಗೆ ಕ್ಲೋರಿನ್ ತಲೆನೋವೂ ಇಲ್ಲ. 26 ಡಿಗ್ರಿ ಇದ್ದದ್ದು 24ಕ್ಕೆ ಬಂತು. ಮಾರನೇ ದಿನವೂ ಅದನ್ನೇ ಮಾಡಿದೆ.

ಮೂರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ನೋಡಿದರೆ, ದಪ್ಪ ಹೆಣ್ಣು ಗಂಡಿನ ಹೊಟ್ಟೆಗೆ ಬಾಯಿ ಒತ್ತಿ ಇಂಗ್ಲಿಷಿನ ಟಿ ಅಕ್ಷರದ ಹಾಗೆ ನಿಂತಿತ್ತು. ಆಮೇಲೆ ಹೊಟ್ಟೆಯಡಿಯ ಎರಡು ರೆಕ್ಕೆ ಬೊಗಸೆ ಮಾಡಿ, ಮೂರೋ ನಾಲ್ಕೋ ಮೊಟ್ಟೆ ಹಿಡಿದುಕೊಂಡು ಗಾಜಿನ ಹತ್ತಿರ ಬಂತು, ಬಾಯಿಂದ ಜಾಗ ಒರೆಸಿತು, ಅಂಟಿಸಿ ಹೋಯಿತು. ಕಾಫಿ ಆರಿಹೋಯಿತು.

ಬಿಟ್ಟರೆ ಮೊಟ್ಟೆಗಳನ್ನು ತಾವೇ ತಿಂದುಬಿಡುತ್ತವೆ. ಬೆರಳಿನಿಂದ ಮೆಲ್ಲಗೆ ಉರುಳಿಸಿ ಐಸ್‌ಕ್ರೀಮ್ ಡಬ್ಬಿಗೆ ಹಾಕಿ, ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್ ಇಟ್ಟು, ಒಣಗಿದ ಕಾಡುಬಾದಾಮಿ ಎಲೆ ಬಿಟ್ಟೆ. ಬೆಳ್ಳಗಾಗಿ ಬೂಸ್ಟು ಹಿಡಿದವನ್ನು ದಿನಾ ಆರಿಸಿ ತೆಗೆದೆ. ನಾಲ್ಕನೇ ದಿನ ಮರಿ ಬಂದವು. ಎರಡು ದಿನ ಏನೂ ಹಾಕಲಿಲ್ಲ, ಹೊಟ್ಟೆಯ ಭಂಡಾರವೇ ಸಾಕು, ಆಮೇಲೆ ಆಗತಾನೇ ಮೊಟ್ಟೆಯೊಡೆದ ಆರ್ಟೀಮಿಯಾ (ಸೀಗಡಿಯಂಥ ಸಣ್ಣ ಜೀವಿ) ಮರಿ ಕೊಟ್ಟೆ. ಕೊನೆಗೆ ಉಳಿದದ್ದು 17.

ದೊಡ್ಡ ಮೀನನ್ನು ಮಾತ್ರ ಬಲೆಯಲ್ಲಿ ಹಿಡಿಯಬೇಡಿ, ಮಗ್ ಬಳಸಿ. ರೆಕ್ಕೆಯ ಮುಳ್ಳು ಸೆಟೆಸಿಕೊಂಡರೆ ಬಿಡಿಸಲು ಬರುವುದಿಲ್ಲ. ನಾನು ಅಮ್ಮನ ಹೊಲಿಗೆ ಕತ್ತರಿ ತಂದು ಬಲೆಯನ್ನೇ ಕತ್ತರಿಸಬೇಕಾಯಿತು.