ಅಲೆಯ ಎತ್ತರವೊಂದೇ ಸಾಲದು

ಗೋವಾದ ಮಾಂಡೋವಿ ಅಳಿವೆಯಲ್ಲಿ ಮೀನುಗಾರಿಕಾ ದೋಣಿಗಳ ಸುರಕ್ಷತೆಗೆ ಸಂಬಂಧಿಸಿದ ನಿಯಮಗಳ ಪರಿಷ್ಕರಣೆಗಾಗಿ ಟಿಪ್ಪಣಿಯೊಂದನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಡಲಲ್ಲಿ ತೇಲಬಿಟ್ಟಿದ್ದ ಅಲೆಮಾಪಕದ ದಾಖಲೆಗಳನ್ನು ಮುಂದಿಟ್ಟುಕೊಂಡು, ಮಾಲಿಮ್ ಜೆಟ್ಟಿಯಲ್ಲಿ ಹೊನ್ನಾವರ, ಕುಮಟಾ ಕಡೆಯ ತಾಂಡೇಲರೊಂದಿಗೆ (ದೋಣಿ ನಡೆಸುವ ಮುಖ್ಯಸ್ಥರೊಂದಿಗೆ) ಕುಳಿತು, ದೋಣಿಗಳು ಅಪಾಯಕ್ಕೆ ಸಿಲುಕಿದ ದಿನಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದೆ.

ಅಂಥ ಹಲವು ದಿನಗಳಲ್ಲಿ ಅಲೆಯ ಎತ್ತರ ಸಾಧಾರಣವಾಗಿಯೇ ಇತ್ತು. ಅವಧಿ, ಅಂದರೆ ಒಂದು ಅಲೆಯ ಹಿಂದೆ ಇನ್ನೊಂದು ಬರಲು ಹಿಡಿಯುವ ಸಮಯ, ಮಾತ್ರ ದೀರ್ಘವಾಗಿತ್ತು. "ಗಾಳಿಯೇ ಇರ್ಲಿಲ್ಲ ಸರ್, ಆದ್ರೂ ಅಳಿವೆ ಬಾಯಲ್ಲಿ ನೀರು ಎದ್ದು ಒಡೀತಿತ್ತು" ಎಂದು ಹಿರಿಯ ತಾಂಡೇಲರೊಬ್ಬರು ಹೇಳಿದ್ದಕ್ಕೆ ಕಾರಣ ಅಲ್ಲಿದೆ. ಆರು ಸೆಕೆಂಡಿನ ಅಲೆಯ ಉದ್ದ ಆಳಸಮುದ್ರದಲ್ಲಿ ಸುಮಾರು 56 ಮೀಟರ್. ದಕ್ಷಿಣ ಮಹಾಸಾಗರದ ಬಿರುಗಾಳಿಯಿಂದ ಹುಟ್ಟಿ ದಿನಗಟ್ಟಲೆ ಸಾಗಿ ಬರುವ 15 ಸೆಕೆಂಡಿನ ಅಲೆಯದು ಸುಮಾರು 350 ಮೀಟರ್. ಉದ್ದದ ಅರ್ಧಕ್ಕಿಂತ ನೀರಿನ ಆಳ ಕಡಿಮೆಯಾದೊಡನೆ ಅಲೆಗೆ ತಳ ತಾಗತೊಡಗುತ್ತದೆ. ಅಳಿವೆ ಬಾಯಲ್ಲಿ ನೀರಿನಡಿಯ ಮರಳದಿನ್ನೆಯ ಮೇಲೆ ಈ ಉದ್ದನೆಯ ಅಲೆ ಎತ್ತರಗೊಂಡು ಒಡೆಯುತ್ತದೆ. ಇಳಿತದ ಹರಿವು ಎದುರಾದರೆ ಇನ್ನಷ್ಟು ಕಡಿದಾಗುತ್ತದೆ. ಅಲ್ಲದೆ, ಮುನ್ಸೂಚನೆಯಲ್ಲಿ ಹೇಳುವ ಎತ್ತರವು ಅತಿದೊಡ್ಡ ಮೂರನೇ ಒಂದು ಭಾಗದಷ್ಟು ಅಲೆಗಳ ಸರಾಸರಿಯಷ್ಟೇ. ಅದರ ಇಮ್ಮಡಿಗೆ ಸಮೀಪದ ಒಂಟಿ ಅಲೆಯೂ ಬರಬಹುದು.

ಸಾಗರದ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಮುನ್ಸೂಚನೆಯಲ್ಲಿ ಹೀಗೆ ದೂರದಿಂದ ಸಾಗಿ ಬರುವ ಉಬ್ಬಲೆಯ ಅವಧಿಯೂ ಇರುತ್ತದೆ. ಆದರೆ ಜೆಟ್ಟಿಯ ಎಚ್ಚರಿಕೆ ಫಲಕಕ್ಕೆ ಬರುವಷ್ಟರಲ್ಲಿ ಎತ್ತರವೊಂದೇ ಉಳಿದಿತ್ತು. ಆದ್ದರಿಂದ ಎತ್ತರ, ಅವಧಿ, ಇಳಿತದ ಹೊತ್ತು ಈ ಮೂರನ್ನೂ ಕನ್ನಡ, ಕೊಂಕಣಿ, ಹಿಂದಿಯಲ್ಲಿ ಬರೆಯಬೇಕೆಂದು ಟಿಪ್ಪಣಿಯಲ್ಲಿ ಒತ್ತಾಯಿಸಿದೆ. ಪ್ರಾಣ ಪಣಕ್ಕಿಟ್ಟು ದುಡಿಯುವವರಿಗೆ ಅರ್ಥವಾಗದ ಎಚ್ಚರಿಕೆಯನ್ನು ಎಚ್ಚರಿಕೆಯೆಂದು ಪರಿಗಣಿಸಲು ನನಗೆ ಸಾಧ್ಯವಿಲ್ಲ.

ಸಭೆಯಲ್ಲಿ ಅಧಿಕಾರಿಗಳು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಮೀಟರ್ ದಾಟಿದರೆ ದೋಣಿ ಬಿಡಬಾರದು? ಒಂದೇ ಅಂಕಿ ಕೊಟ್ಟಿದ್ದರೆ ನಿಯಮ ಬರೆಯುವುದು ಸುಲಭವಾಗುತ್ತಿತ್ತು. ನಾನು ಕೊಡಲಿಲ್ಲ, ಏಕೆಂದರೆ ಮಳೆಗಾಲ ಕಳೆದಾಗ ಮರಳದಿನ್ನೆಯ ಆಕಾರ ಬದಲಾಗಿರುತ್ತದೆ, ಅದರೊಂದಿಗೆ ಅಪಾಯದ ಮಿತಿಯೂ ಬದಲಾಗುತ್ತದೆ. ಜೂನ್, ಜುಲೈ ತಿಂಗಳುಗಳ ಮೀನುಗಾರಿಕೆ ನಿಷೇಧ ಮುಗಿದು ಯಾಂತ್ರಿಕ ದೋಣಿಗಳು ಇಳಿಯುವ ಮುನ್ನ ಅಳಿವೆಯ ಆಳವನ್ನು ಹೊಸದಾಗಿ ಅಳೆದು, ಆ ವರ್ಷದ ಮಿತಿಯನ್ನು ಆಗಲೇ ನಿಗದಿಪಡಿಸಬೇಕೆಂದು ಕೇಳಿದೆ. ಫಲಕದಲ್ಲಿ ಮೂರನ್ನೂ ಬರೆಯುವ ಸಲಹೆಗೆ ಒಪ್ಪಿಗೆ ಸಿಕ್ಕಿತು. ಆಳ ಅಳೆಯುವ ಖರ್ಚನ್ನು ಯಾವ ಇಲಾಖೆ ಭರಿಸಬೇಕೆಂಬ ಚರ್ಚೆ ಇನ್ನೂ ನಡೆದಿದೆ.