ಚೇಂಬರಿಗೆ ನಲ್ಲಿ ಕೂರಿಸಿದ್ದು

ಮೂಡಿಗೆರೆ ಕಡೆ ಸ್ವಂತ ಲಾರಿ ಇಟ್ಟುಕೊಂಡವರಿಗೆ ಆಯಿಲ್ ಬದಲಾಯಿಸೋಕೆ ಎರಡೇ ದಾರಿ. ಗ್ಯಾರೇಜಿನ ಹೊಂಡ ಖಾಲಿಯಾಗುವವರೆಗೆ ಕಾಯೋದು, ಇಲ್ಲ ಮನೆ ಮುಂದಿನ ಕಣದಲ್ಲೇ ಗೋಣಿಚೀಲ ಹಾಸಿಕೊಂಡು ಗಾಡಿ ಅಡಿಗೆ ನುಗ್ಗೋದು. ನಾನು ಎರಡನೇ ಜಾತಿ.

ನನ್ನದು ನಾಲ್ಕು ಸಿಲಿಂಡರಿನ, ಟರ್ಬೊ ಇರುವ ಡೀಸೆಲ್ ಲಾರಿ. ನವೆಂಬರಿನಿಂದ ಅರೇಬಿಕಾ, ಜನವರಿ ಬಂದರೆ ರೊಬಸ್ಟಾ, ಉಳಿದ ದಿನ ಗೊಬ್ಬರ, ಸುಣ್ಣ, ಶುಂಠಿ. ತೋಟದೊಳಗಿನ ದಾರಿಯಲ್ಲಿ ಬರೀ ಫಸ್ಟು ಸೆಕೆಂಡು ಗೇರು. ಮೀಟರಿನಲ್ಲಿ ಕಿಲೋಮೀಟರ್ ಕಮ್ಮಿ ತೋರಿಸಿದರೂ ಎಂಜಿನ್ ಅದರ ಎರಡರಷ್ಟು ದುಡಿದಿರುತ್ತೆ. ಹಾಗಾಗಿ ಕಂಪನಿ ಪುಸ್ತಕದ ಲೆಕ್ಕಕ್ಕೆ ಕಾಯದೆ ಮುಂಚೆಯೇ ಆಯಿಲ್ ಇಳಿಸುತ್ತೇನೆ. ಇಳಿಸಿದಾಗೆಲ್ಲ ಚೇಂಬರಿನ, ಅಂದರೆ ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ, ಡ್ರೈನ್ ನಟ್ ಬಿಚ್ಚಬೇಕು. ತಕರಾರು ಶುರುವಾಗೋದು ಆ ನಟ್ಟಿನಿಂದಲೇ.

ನಟ್ಟಿನ ಜೊತೆ ಕೂರುವ ತಾಮ್ರದ ವಾಷರ್ ಪ್ರತಿಸಲ ಹೊಸದು ಹಾಕಬೇಕು. ನಮ್ಮಲ್ಲಿ ಹಳೆಯದನ್ನೇ ಮಗುಚಿ ಹಾಕೋದು ರೂಢಿ. ಅದು ಜಿನುಗಿದರೆ ಇನ್ನೊಂದು ಸುತ್ತು ಬಿಗಿ. ಕೆಲವು ಕಡೆ ಗಾಳಿಯಲ್ಲಿ ನಟ್ ತಿರುಗಿಸುವ ಏರ್ ಗನ್ನಿನಲ್ಲೇ ಬಿಗಿದು ಕಳಿಸುತ್ತಾರೆ. ಮುಂದಿನ ಸಲ ಸ್ಪ್ಯಾನರ್ ಜಾರಿ ನಟ್ಟಿನ ಮೂಲೆಯೆಲ್ಲ ಉರುಟು. ಚೇಂಬರ್ ಅಲ್ಯೂಮಿನಿಯಂದಾದರೆ ಕಥೆ ಇನ್ನೂ ಕೆಟ್ಟದ್ದು, ನಟ್ಟಿನ ಜೊತೆ ಥ್ರೆಡ್ಡೇ ಕಿತ್ತು ಬರುತ್ತೆ. ಆಮೇಲೆ ಚೇಂಬರ್ ಇಳಿಸಿ ಲೇತಿಗೆ ಒಯ್ದು ದೊಡ್ಡ ಸೈಜಿಗೆ ಹೊಸ ಥ್ರೆಡ್ ಹೊಡೆಸಬೇಕು. ನನ್ನ ಚೇಂಬರಿನ ಥ್ರೆಡ್ ಇನ್ನೂ ಗಟ್ಟಿ ಇದ್ದಾಗಲೇ ಆ ನಟ್ಟಿನ ಜಾಗಕ್ಕೆ ನಲ್ಲಿ ಕೂರಿಸಿದೆ. ನಲ್ಲಿ ಹಾಕಿಸಿದರೆ ಟೈಮು ಉಳಿಯುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉಳಿಯಲ್ಲ. ಉಳಿಯೋದು ಥ್ರೆಡ್ಡು, ಮತ್ತೆ ಕೈ.

ಇದರಲ್ಲಿ ಮುಖ್ಯವಾಗಿ ಎರಡು ನಮೂನೆ. ಒಂದು, ಸಣ್ಣ ಹಿಡಿ ಇರುವ ಹಿತ್ತಾಳೆಯ ಬಾಲ್ ವಾಲ್ವ್. ಜಪಾನಿನ ಫುಮೊಟೊ ಕಂಪನಿಯದ್ದು ಈ ಪೈಕಿ ಹೆಸರಾದದ್ದು. ಹಿಡಿಯನ್ನು ಸ್ಪ್ರಿಂಗಿಗೆ ಎದುರಾಗಿ ಎತ್ತಿ ಕಾಲು ಸುತ್ತು ತಿರುಗಿಸಿದರೆ ಆಯಿಲ್ ಬರುತ್ತೆ. ಎತ್ತದೆ ತಿರುಗಲ್ಲ, ಹಾಗಾಗಿ ಗಾಡಿಯ ನಡುಕಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತೆ ಅನ್ನೋ ಹೆದರಿಕೆ ಬೇಡ. ಇನ್ನೊಂದರಲ್ಲಿ ಹಿಡಿಯೇ ಇಲ್ಲ. ಒಳಗೆ ಸ್ಪ್ರಿಂಗ್ ವಾಲ್ವ್, ಹೊರಗೆ ಮುಚ್ಚಳ. ಮುಚ್ಚಳ ತೆಗೆದು ಪೈಪಿನ ತುದಿಯ ಕಪ್ಲಿಂಗ್ ತಿರುಗಿಸಿದರೆ ಅದು ವಾಲ್ವನ್ನು ಒಳಕ್ಕೆ ಒತ್ತಿ ಆಯಿಲ್ ಬಿಡುತ್ತೆ. ಹೊರಗೆ ಚಾಚಿಕೊಳ್ಳೋದು ಕಮ್ಮಿ, ಹರಿವು ಇನ್ನೂ ನಿಧಾನ. ನನ್ನ ಲಾರಿಗೆ ಹಿಡಿ ಇರುವುದನ್ನೇ ಹಾಕಿದೆ. ಭಾವನ ಪಿಕಪ್ಪಿಗೆ ಮುಚ್ಚಳದ್ದೇ ಸರಿ ಅಂದೆ. ಅದು ತೋಟದ ಕಲ್ಲು, ಬೊಡ್ಡೆಗಳ ಮೇಲೇ ಓಡಾಡುವ ಗಾಡಿ, ಚೇಂಬರೂ ತಗ್ಗು.

ಕೊಳ್ಳುವ ಮುಂಚೆ ಹಳೇ ನಟ್ಟನ್ನು ಕೈಯಲ್ಲಿಟ್ಟುಕೊಂಡು ಅಳೆಯಬೇಕು. ನನ್ನದು 22 ಮಿಮೀ, ಪಿಚ್ ಅಂದರೆ ಥ್ರೆಡ್ಡಿನ ಗೆರೆಗಳ ನಡುವಿನ ಅಂತರ 1.5. ನಿಮ್ಮದು 14 ಇರಬಹುದು, 18 ಇರಬಹುದು. ಒಂದೇ ಮಾಡೆಲ್ಲಿನ ಎರಡು ವರ್ಷದ ಗಾಡಿಗೆ ಎರಡು ಸೈಜೂ ಇರಬಹುದು. ಪಿಚ್ ಗೇಜ್ ಇಲ್ಲದಿದ್ದರೆ ಲೇತಿನವರ ಹತ್ತಿರ ಒಂದು ನಿಮಿಷದ ಕೆಲಸ. ಪಿಚ್ ತಪ್ಪಿದ ನಲ್ಲಿಯೂ ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತೆ, ಆಮೇಲೆ ಚೇಂಬರಿನ ತೂತಿನೊಳಗಿನ ಥ್ರೆಡ್ಡನ್ನು ಅರೆಯುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ ಮೇಲೂ ಹೊಸ ನಲ್ಲಿಗೆ ಸೀಮೆಎಣ್ಣೆ ತುಂಬಿ, ಹಿಡಿ ಮುಚ್ಚಿ, ಕಾಗದದ ಮೇಲೆ ನಿಲ್ಲಿಸಿ ರಾತ್ರಿಯಿಡೀ ಬಿಟ್ಟೆ. ಆಯಿಲಿಗಿಂತ ತೆಳು ಅದು. ಕಾಗದ ಒಣಗಿಯೇ ಇದ್ದರೆ ಆ ಮಾಲು ಗಾಡಿಗೆ ಹಾಕಬಹುದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಜಾಗ ನೋಡೋಕೆ. ಖಾಲಿ ಗಾಡಿ ಅಡಿಯಲ್ಲಿ ಮಲಗಿ ನೋಡಿದರೆ ಎಲ್ಲ ಸರಿ ಕಾಣುತ್ತೆ. ಲಾರಿಯ ಮುಂದಿನ ಆಕ್ಸಲ್ ಚೇಂಬರಿನ ಹತ್ತಿರವೇ ಹಾದುಹೋಗುತ್ತೆ. ಫುಲ್ ಲೋಡಿನಲ್ಲಿ ಗುಂಡಿಗೆ ಬಿದ್ದರೆ ಕಟ್ಟೆ (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು) ಒತ್ತಿಕೊಂಡು ಆಕ್ಸಲ್ ಮೇಲಕ್ಕೆ ಬರುತ್ತೆ, ಆಗ ನಲ್ಲಿಗೆ ಬಡಿಯಬಾರದು. ಕಟ್ಟೆ ಮೇಲಿನ ರಬ್ಬರ್ ಬಂಪಿಗೂ ಆಕ್ಸಲಿಗೂ ಎಷ್ಟು ಅಂತರ ಇದೆ ಅಂತ ಅಳೆದೆ. ಆಕ್ಸಲ್ ಅಷ್ಟೂ ಮೇಲೆ ಬಂದರೂ ನಲ್ಲಿಗೆ ಜಾಗ ಉಳಿಯುತ್ತಾ ನೋಡಿ ಆಮೇಲೆ ಒಪ್ಪಿದೆ. ಅದೇ ಆಕ್ಸಲ್ ಮುಂದಿನಿಂದ ಬರುವ ಕಲ್ಲಿಗೆ ಅಡ್ಡ ನಿಲ್ಲುತ್ತೆ ಅನ್ನೋದು ಲಾರಿಯವರಿಗೆ ಸಿಕ್ಕ ಲಾಭ. ನಲ್ಲಿಯನ್ನು ಕೆಳಗಿಳಿಸುವ ಉದ್ದದ ಅಡಾಪ್ಟರ್ ಮಾತ್ರ ಯಾರು ಹೇಳಿದರೂ ಬೇಡ.

ಕೂರಿಸುವಾಗ ಚೇಂಬರಿನ ಮುಖ ಬಟ್ಟೆಯಿಂದ ಒರೆಸಿ, ನಲ್ಲಿ ಜೊತೆ ಕೊಟ್ಟ ವಾಷರನ್ನೇ ಹಾಕಿ, ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿದೆ. ಆಮೇಲೆ ಸಣ್ಣ ಸ್ಪ್ಯಾನರ್. ಇದು ಹಿತ್ತಾಳೆ, ಉಕ್ಕಿನ ನಟ್ಟಿನ ಹಾಗೆ ಪೈಪ್ ಹಾಕಿ ಎಳೆದರೆ ಮುರಿಯುತ್ತೆ. ಬಿಗಿಯಾದ ಮೇಲೆ ಹಿಡಿ ಎತ್ತ ಮುಖ ಮಾಡಿ ನಿಲ್ಲುತ್ತೋ ಗೊತ್ತಾಗಲ್ಲ. ಹಿಂದಕ್ಕೆ ಇದ್ದರೆ ಒಳ್ಳೆಯದು, ಕಡ್ಡಿ ಕಸ ಸಿಕ್ಕಿದರೂ ಜಾರಿ ಹೋಗುತ್ತೆ. ಹಾಗಂತ ಹಿಡಿ ಹಿಂದಕ್ಕೆ ಬರಲಿ ಅಂತ ಅರ್ಧ ಸುತ್ತು ಜಾಸ್ತಿ ಬಿಗಿಯಬಾರದು, ಬೇಕಿದ್ದರೆ ವಾಷರ್ ಬದಲಾಯಿಸಿ ನೋಡಬೇಕು. ಹಿಡಿಗೊಂದು ಪ್ಲಾಸ್ಟಿಕ್ ಟೈ ಕಟ್ಟಿದ್ದೇನೆ, ಪ್ರತಿಸಲ ಕತ್ತರಿಸಿ ಹೊಸದು ಕಟ್ಟೋದು.

ನಮ್ಮ ಗ್ಯಾರೇಜಿನ ಮೇಸ್ತ್ರಿ ನೋಡಿದವನೇ, “ಅಣ್ಣಾ, ಚೇಂಬರಿಗೆ ನಲ್ಲಿ ಹಾಕಿದೀರಲ್ಲ, ರಾತ್ರಿ ಯಾರಾದ್ರೂ ತಿರುಗಿಸಿ ಹೋದ್ರೆ?” ಅಂದ. ಹಾಗೆ ಮಾಡುವ ಮನಸ್ಸಿದ್ದವನಿಗೆ ಮೊದಲೂ ಒಂದು ಸ್ಪ್ಯಾನರ್ ಸಾಕಿತ್ತು ಮಾರಾಯ ಅಂದೆ. ಆದರೂ ಬೆಳಿಗ್ಗೆ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡುವಾಗ ಬಗ್ಗಿ ಟೈ ಇದೆಯಾ ಅಂತಲೂ ನೋಡುತ್ತೇನೆ.

ಈಗ ಆಯಿಲ್ ಇಳಿಸೋದು ಹೀಗೆ. ಎಂಜಿನ್ ಬೆಚ್ಚಗಾಗುವಷ್ಟು ಓಡಿಸುತ್ತೇನೆ. ಕೈ ಸುಡುವಷ್ಟು ಬೇಡ, ಮಸಿ ಆಯಿಲಿನಲ್ಲಿ ಕಲಸಿಕೊಂಡು ಹೊರಬಂದರೆ ಸಾಕು. ಡ್ರೈನ್ ನಟ್ ಇರುವ ಕಡೆ ಸ್ವಲ್ಪ ತಗ್ಗಾಗುವಂತೆ ಗಾಡಿ ನಿಲ್ಲಿಸಿ, ಮೇಲೆ ಆಯಿಲ್ ತುಂಬುವ ಮುಚ್ಚಳ ತೆಗೆದಿಡುತ್ತೇನೆ. ಗಾಳಿ ಒಳಗೆ ಹೋದಷ್ಟೂ ಹರಿವು ಸರಾಗ. ನಲ್ಲಿ ಮೂತಿಗೆ ಪೈಪ್, ಪೈಪಿನ ತುದಿ ಖಾಲಿ ಕ್ಯಾನಿಗೆ. ನಟ್ ಬಿಚ್ಚಿದ ಹಾಗೆ ಒಮ್ಮೆಲೇ ದಬದಬ ಸುರಿಯಲ್ಲ, ತೂತು ಚಿಕ್ಕದು. ಅಷ್ಟರಲ್ಲಿ ಡೀಸೆಲ್ ಫಿಲ್ಟರಿನ ನೀರು ಬಿಡೋದು, ಏರ್ ಫಿಲ್ಟರ್ ನೋಡೋದು, ಕಾಫಿ ಕುಡಿಯೋದು ಎಲ್ಲ ಆಗುತ್ತೆ. ಮಳೆಗಾಲದಲ್ಲೂ ಕಣದ ಮೇಲೆ ಒಂದು ಹನಿ ಬೀಳಲ್ಲ. ಮೊದಲೆಲ್ಲ ನಟ್ ಕಡೇ ಸುತ್ತಿಗೆ ಬಂದಾಗ ಬಿಸಿ ಆಯಿಲ್ ಮೊಣಕೈವರೆಗೆ ಹರಿದು ಬರುತ್ತಿತ್ತು.

ಆಯಿಲ್ ಫಿಲ್ಟರಿಗೆ ಈ ನಲ್ಲಿಯಿಂದ ಏನೂ ಉಪಕಾರ ಇಲ್ಲ, ಅಲ್ಲಿ ಕೈ ಕಪ್ಪಾಗಲೇಬೇಕು. ನಲ್ಲಿಯ ಥ್ರೆಡ್ ಚೇಂಬರಿನೊಳಗೆ ಸ್ವಲ್ಪ ಚಾಚಿದ್ದರೆ ಅಷ್ಟು ಎತ್ತರದ ಆಯಿಲ್ ತಳದಲ್ಲೇ ನಿಲ್ಲುತ್ತೆ. ಒಟ್ಟು ಆಯಿಲಿನ ಮುಂದೆ ಅದು ಲೆಕ್ಕಕ್ಕಿಲ್ಲ, ಆದರೆ ಗಸಿ ಕೂರೋದೂ ಅಲ್ಲೇ. ಅದಕ್ಕೇ ವರ್ಷಕ್ಕೊಮ್ಮೆ ನಲ್ಲಿಯನ್ನೇ ಪೂರ್ತಿ ಬಿಚ್ಚಿ ಇಳಿಸುತ್ತೇನೆ. ಗಸಿ ಹಿಡಿದ ಹಳೇ ಎಂಜಿನ್ ಇದ್ದವರು ಈ ಸಹವಾಸಕ್ಕೇ ಬರಬೇಡಿ, ತೂತು ಕಟ್ಟಿಕೊಳ್ಳುತ್ತೆ. ಇನ್ನು ಹಳೇ ನಟ್ಟಿನ ತುದಿಯಲ್ಲಿದ್ದ ಅಯಸ್ಕಾಂತ ಈಗ ಇಲ್ಲ. ಇಳಿಸಿದ ಆಯಿಲಿನೊಳಗೆ ಬೇರೆ ಅಯಸ್ಕಾಂತ ಕಟ್ಟಿದ ಕಡ್ಡಿ ಆಡಿಸಿ ನೋಡುತ್ತೇನೆ. ಮಸಿಯಂಥ ಪುಡಿ ಹತ್ತಿದರೆ ಮಾಮೂಲು, ಹೊಳೆಯುವ ಚೂರು ಬಂದರೆ ಮೇಸ್ತ್ರಿ ಹತ್ತಿರ ಹೋಗಬೇಕು.

ಹೊಸ ಆಯಿಲ್ ನನಗೆ ದಪ್ಪದಲ್ಲಿ 15ಡಬ್ಲ್ಯು-40, ದರ್ಜೆಯಲ್ಲಿ ಸಿಐ-4 ಪ್ಲಸ್. 2020ರ ಏಪ್ರಿಲ್ ನಂತರದ, ಬಿಎಸ್-6 ಅನ್ನೋ ಹೊಗೆ ನಿಯಮದ ಗಾಡಿಗೆ, ಅದರಲ್ಲೂ ಹೊಗೆ ಫಿಲ್ಟರ್ ಇರುವುದಕ್ಕೆ, ಕಂಪನಿ ಹೇಳಿದ ಕಮ್ಮಿ ಬೂದಿಯ ಆಯಿಲೇ ಬೇಕು. ಆ ಗಾಡಿಗಳಲ್ಲಿ ಹತ್ತಿರ ಹತ್ತಿರದ ಓಡಾಟಕ್ಕೆ ಡೀಸೆಲ್ ಆಯಿಲಿಗೆ ಇಳಿದು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರೋದುಂಟು. ನಲ್ಲಿ ಇದೆಯಲ್ಲ ಅಂತ ಜಾಸ್ತಿಯಾದಷ್ಟನ್ನು ಬಿಟ್ಟು ಸುಮ್ಮನಾಗೋ ಹಾಗಿಲ್ಲ. ಉಳಿದದ್ದೂ ತೆಳುವಾಗಿರುತ್ತೆ, ಪೂರ್ತಿ ಬದಲಾಯಿಸಬೇಕು.

ಹಳೇ ಆಯಿಲ್ ಮಾತ್ರ ಯಾರು ಕೇಳಿದರೂ ಕೊಡಲ್ಲ. ಬೇಲಿ ಗೂಟಕ್ಕೆ ಬಳಿಯೋಕೆ, ಮರ ಕೊಯ್ಯುವ ಮಿಷನ್ನಿನ ಚೈನಿಗೆ ಅಂತ ತೋಟದವರು ಕ್ಯಾನ್ ಹಿಡಿದು ಬರುತ್ತಾರೆ. ನಮ್ಮ ಮಳೆಗೆ ಗೂಟಕ್ಕೆ ಬಳಿದದ್ದು ಕೆರೆಗೇ ಇಳಿಯೋದು. 2016ರ ಅಪಾಯಕಾರಿ ತ್ಯಾಜ್ಯದ ನಿಯಮದೊಳಗೆ ಇದೂ ಬರುತ್ತೆ. ಕ್ಯಾನಿನ ಮುಚ್ಚಳ ಬಿಗಿದು ಇಡುತ್ತೇನೆ, ಚಿಕ್ಕಮಗಳೂರಿಗೆ ಲೋಡ್ ಇದ್ದ ದಿನ ಹಳೇ ಆಯಿಲ್ ಒಯ್ಯೋಕೆ ಲೈಸೆನ್ಸ್ ಇರುವವರಿಗೆ ಡ್ರಮ್ ತುಂಬಿಸಿ ಕೊಡುವ ಗ್ಯಾರೇಜಿಗೆ ಹಾಕಿ ಬರುತ್ತೇನೆ.