ಭಾನುವಾರದ ಇಪ್ಪತ್ತು ನಿಮಿಷ: ಗಾಡಿ ಕೈಕೊಡುವ ಮೊದಲೇ ನೋಡಿಕೊಳ್ಳುವುದು ಹೇಗೆ?

ಒಂದು ಮಳೆಗಾಲ ಮುಗಿದ ಮೇಲೆ ನಮ್ಮ ಕಾರಿನ ಮೈಲೇಜ್ ಲೀಟರಿಗೆ 18 ಕಿ.ಮೀ.ನಿಂದ 16ಕ್ಕೆ ಇಳಿಯಿತು. ಎಂಜಿನ್ ಚೆನ್ನಾಗೇ ಇತ್ತು. ಹೊಗೆ ಇಲ್ಲ, ಶಬ್ದ ಇಲ್ಲ, ಮೀಟರಿನಲ್ಲಿ ಕೆಂಪು ದೀಪವೂ ಇಲ್ಲ. ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸಿದರು, ಏರ್ ಫಿಲ್ಟರ್ ಬದಲಿಸಿದರು. ಮೈಲೇಜ್ ಮೇಲೇಳಲಿಲ್ಲ.

ಕಾರಣ ಸಿಕ್ಕಿದ್ದು ತಿಂಗಳ ಮೇಲೆ, ಕುಣಿಗಲ್ ಹತ್ತಿರ ಟೀ ಕುಡಿಯಲು ನಿಲ್ಲಿಸಿದಾಗ. ಜೊತೆಗೆ ನಮ್ಮ ಚಿಕ್ಕಪ್ಪ ಇದ್ದರು. ಅವರು ಬಹಳ ವರ್ಷ ಲಾರಿ ಓಡಿಸಿದವರು. ಇಳಿದವರೇ ಟೀ ಅಂಗಡಿ ಕಡೆ ಹೋಗದೆ ಒಂದೊಂದು ಚಕ್ರದ ಹತ್ತಿರ ಬಗ್ಗಿ, ಮುಟ್ಟದೆ, ಅಂಗೈ ಒಡ್ಡಿ ನೋಡಿದರು. ಹಿಂದಿನ ಎಡ ಚಕ್ರದ ಬಳಿ ಬಂದಾಗ ಕೈ ತಟ್ಟನೆ ಹಿಂದಕ್ಕೆ ಬಂತು.

‘ಇಲ್ಲಿ ಕೈ ಇಡು ಮಗಾ. ಆ ಕಡೆ ಚಕ್ರ ಬೆಚ್ಚಗಿದೆ ಅಷ್ಟೇ, ಇದು ಕಾವಲಿ ಥರ ಕಾದಿದೆ. ಬ್ರೇಕ್ ಹಿಡ್ಕೊಂಡಿದೆ.’

ಮಳೆನೀರಿಗೆ ಹ್ಯಾಂಡ್ ಬ್ರೇಕ್ ಕೇಬಲ್ ಒಳಗೇ ತುಕ್ಕು ಹಿಡಿದಿತ್ತು. ಲಿವರ್ ಇಳಿಸಿದರೂ ಆ ಚಕ್ರದಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಅಂದರೆ ತಿಂಗಳಿಗೂ ಹೆಚ್ಚು ಕಾಲ ನಾನು ಒಂದು ಚಕ್ರಕ್ಕೆ ಬ್ರೇಕ್ ಹಾಕಿಕೊಂಡೇ ಓಡಿಸುತ್ತಿದ್ದೆ. ಕೇಬಲ್ ಬದಲಿಸಿದ ಮೇಲೆ ಎರಡನೇ ಟ್ಯಾಂಕಿಗೆ ಮೈಲೇಜ್ 17.8ಕ್ಕೆ ಬಂತು.

ಮೈಲೇಜ್ ಅಂದರೆ ಬರೀ ದುಡ್ಡಿನ ಲೆಕ್ಕ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಗಾಡಿಯ ಜ್ವರ ನೋಡುವ ಥರ್ಮಾಮೀಟರ್ ಕೂಡ ಹೌದು. ಟೈರು, ಬ್ರೇಕು, ಎಂಜಿನ್ ಎಲ್ಲಿ ತೊಂದರೆ ಶುರುವಾದರೂ ಬಹಳ ಸಲ ಮೊದಲು ಗೊತ್ತಾಗುವುದು ಅಲ್ಲೇ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲ ಹೆಜ್ಜೆ: ಒಂದು ಪುಸ್ತಕ, ಒಂದು ಪೆನ್ನು

ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ನಾಝಲ್ ತಾನಾಗಿ ‘ಟಕ್’ ಅಂತ ನಿಂತಾಗ ಸಾಕು ಅನ್ನಿ. ರೌಂಡ್ ಫಿಗರ್ ಆಗಲಿ ಅಂತ ಮತ್ತೆ ತುಂಬಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಆದಷ್ಟು ಅದೇ ಬಂಕಿನಲ್ಲಿ, ಹಾಗೆಯೇ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. 512 ಕಿ.ಮೀ. ಓಡಿ 32 ಲೀಟರ್ ಹಿಡಿದರೆ ಮೈಲೇಜ್ 16. ತಾರೀಖು, ಓಡೋಮೀಟರ್, ಲೀಟರ್ ಮೂರನ್ನೂ ಬರೆದಿಡಿ. ಟೈರ್ ಬದಲಿಸಿದ್ದು, ಆಯಿಲ್ ಬದಲಿಸಿದ್ದು ಕೂಡ ಅದೇ ಪುಟದಲ್ಲಿರಲಿ.

ಒಂದೇ ಟ್ಯಾಂಕಿನ ಲೆಕ್ಕ ನೋಡಿ ಗಾಬರಿಯಾಗಬೇಡಿ. ಊರೊಳಗಿನ ಟ್ರಾಫಿಕ್, ಎ.ಸಿ., ಲೋಡು ಎಲ್ಲ ಸೇರಿ ಒಂದೂವರೆ ಕಿ.ಮೀ. ಹೆಚ್ಚುಕಡಿಮೆ ಆಗುವುದು ಸಹಜ. ಸತತ ಮೂರು ಟ್ಯಾಂಕ್ ಇಳಿಯುತ್ತಾ ಹೋದರೆ ಹುಡುಕಲು ಶುರು ಮಾಡಿ. ಇನ್ನೊಂದು ಮಾತು: 2025ರಲ್ಲಿ ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ 20ಕ್ಕೆ ಬಂತು. ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಐದು ವರ್ಷದ ಹಿಂದಿನ ಲೆಕ್ಕಕ್ಕೆ ಇವತ್ತಿನದನ್ನು ಹೋಲಿಸಿದರೆ ಸುಮ್ನೆ ತಲೆಬಿಸಿ.

ಎರಡನೇ ಹೆಜ್ಜೆ: ಟೈರು, ಅದೂ ತಣ್ಣಗಿರುವಾಗ

ಭಾನುವಾರ ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ಈ ಕೆಲಸ ಆಗಬೇಕು. ಓಡಿದ ಟೈರು ಬಿಸಿಯಾಗುತ್ತದೆ, ಒಳಗಿನ ಗಾಳಿಯ ಒತ್ತಡ ಮೂರು–ನಾಲ್ಕು ಪಿಎಸ್‌ಐ ಏರುತ್ತದೆ. ಆಗ ಅಳೆದರೆ ಕಡಿಮೆ ಇರುವುದೂ ಸರಿಯಾಗಿದೆ ಅನ್ನಿಸುತ್ತದೆ. ಅದಕ್ಕೇ ಕೆಲವು ನೂರು ರೂಪಾಯಿಗೆ ಸಿಗುವ ಗೇಜ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ.

ಎಷ್ಟು ಗಾಳಿ ಬೇಕು? ಡ್ರೈವರ್ ಬಾಗಿಲು ತೆರೆದರೆ ಅದರ ಚೌಕಟ್ಟಿನ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ. ಇಬ್ಬರೇ ಇದ್ದರೆ ಎಷ್ಟು, ಐದು ಜನ ಮತ್ತು ಲಗೇಜ್ ಇದ್ದರೆ ಎಷ್ಟು ಅಂತ ಬಹುತೇಕ ಗಾಡಿಗಳಲ್ಲಿ ಬೇರೆ ಬೇರೆ ಬರೆದಿರುತ್ತಾರೆ. ಟೈರಿನ ಪಕ್ಕದಲ್ಲಿ ‘MAX’ ಅಂತ ಅಚ್ಚಾಗಿರುವ ಪಿಎಸ್‌ಐ ಸಂಖ್ಯೆ ಆ ಟೈರು ತಡೆಯುವ ಗರಿಷ್ಠ ಒತ್ತಡ. ಅಷ್ಟು ತುಂಬಿಸಬಾರದು. ಧರ್ಮಸ್ಥಳಕ್ಕೆ ಮನೆಮಂದಿಯೆಲ್ಲ ಹೊರಟಿದ್ದರೆ ಹಿಂದಿನ ಟೈರುಗಳಿಗೆ ಫುಲ್ ಲೋಡಿನ ಲೆಕ್ಕ ಹಿಡಿಸಿ. ಇದನ್ನು ಮಾಡುವವರು ಕಡಿಮೆ, ಆದರೆ ಟೈರು ಸಿಡಿಯುವ ಸಂದರ್ಭ ಅದೇ: ತುಂಬಿದ ಗಾಡಿ, ಬೇಸಿಗೆ ರಸ್ತೆ, ಕಡಿಮೆ ಗಾಳಿ. ಗಾಳಿ ಕಡಿಮೆ ಇದ್ದಾಗ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತದೆ, ಬಾಗಿ ಬಾಗಿ ಒಳಗೇ ಕಾಯುತ್ತದೆ. ಮೈಲೇಜ್ ಇಳಿಯುವುದೂ ಅದೇ ಕಾರಣಕ್ಕೆ.

ಪಂಕ್ಚರ್ ಆಗದಿದ್ದರೂ ಟೈರು ತಿಂಗಳಿಗೆ ಒಂದೆರಡು ಪಿಎಸ್‌ಐ ಗಾಳಿ ಬಿಡುತ್ತಲೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ನೋಡಿ. ಒಂದೇ ಟೈರು ಪದೇ ಪದೇ ಇಳಿಯುತ್ತಿದ್ದರೆ ವಾಲ್ವಿನ ಮೇಲೆ ಒಂದು ಹನಿ ಸೋಪುನೀರು ಬಿಡಿ. ಗುಳ್ಳೆ ಎದ್ದರೆ ವಾಲ್ವ್ ಪಿನ್ ಹೋಗಿದೆ ಅಂತ. ಸ್ಟೆಪ್ನಿ ಮರೆಯಬೇಡಿ. ನೈಟ್ರೋಜನ್‌ಗೆ ಬೇರೆ ದುಡ್ಡು ಕೊಡಬೇಕಾ ಅಂತ ಕೇಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಸಾದಾ ಗಾಳಿಯನ್ನೇ ಸರಿಯಾಗಿ ನೋಡಿಕೊಂಡರೆ ದಿನಬಳಕೆಯ ಕಾರಿಗೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಹಾಗೇ ಟೈರಿನ ಮೇಲೆ ಕೈಯಾಡಿಸಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು. ನಡುವೆ ಸವೆದಿದ್ದರೆ ಜಾಸ್ತಿ ಇತ್ತು. ಒಂದೇ ಕಡೆ ಸವೆದಿದ್ದರೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡಿಸಬೇಕು. ಟೈರಿನ ಗೆರೆಗಳ ಒಳಗೆ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ರಬ್ಬರ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ. ಅಷ್ಟೇ, ಕಾನೂನಿನ ಪ್ರಕಾರವೂ ಅದು ಕೊನೆಯ ಮಿತಿ. ಕರಾವಳಿ, ಮಲೆನಾಡಿನಲ್ಲಿ ಓಡಿಸುವವರು ಅಲ್ಲಿವರೆಗೆ ಕಾಯಬಾರದು. ಗೆರೆ ಆಳ ಇಲ್ಲದಿದ್ದರೆ ನೀರು ಹೊರಹೋಗಲು ದಾರಿ ಇಲ್ಲ, ಗಾಡಿ ನೀರಿನ ಮೇಲೆ ಜಾರುತ್ತದೆ.

ಟೈರಿನ ವಯಸ್ಸೂ ಅದರ ಮೇಲೇ ಇದೆ. ನಾಲ್ಕು ಅಂಕಿಯ ಒಂದು ಸಂಖ್ಯೆ ಹುಡುಕಿ. 2321 ಅಂತಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಹೊಸ ಟೈರು ಕೊಳ್ಳುವಾಗ ಅಂಗಡಿಯಲ್ಲೇ ಇದನ್ನು ಓದಿ.

ಮೂರನೇ ಹೆಜ್ಜೆ: ಬಾನೆಟ್ ಎತ್ತಿ

ಎಂಜಿನ್ ಆಯಿಲ್ ನೋಡಲು ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು. ಓಡಿಸಿ ಬಂದಿದ್ದರೆ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿರುವ ಆಯಿಲ್ ಕೆಳಗಿಳಿಯಲಿ. ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು, ಹಳೇ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಎರಡು ಗುರುತುಗಳ ನಡುವೆ ಆಯಿಲ್ ಇರಬೇಕು. ಮೇಲಿನ ಗುರುತು ದಾಟಿಸುವುದೂ ತಪ್ಪು. ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಎಂಜಿನ್ ಕಾಪಾಡುವ ಶಕ್ತಿ ಇಲ್ಲ.

ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಬೇಗನೆ ಕಪ್ಪಾಗುತ್ತದೆ. ಅದು ಮಸಿ, ಹೆದರಬೇಕಿಲ್ಲ. ಹೆದರಬೇಕಾದದ್ದು ಆಯಿಲ್ ಹಾಲು ಬೆರೆಸಿದ ಕಾಫಿ ಥರ ಕಂಡಾಗ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಒಳಗೆ ಸೇರುತ್ತಿರಬಹುದು. ಆಗ ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಕೂಲೆಂಟ್ ಮಟ್ಟ ನೋಡುವುದು ಪಕ್ಕದ ಪ್ಲಾಸ್ಟಿಕ್ ಡಬ್ಬದಲ್ಲಿ, ಹೊರಗಿನಿಂದಲೇ. ಎಂಜಿನ್ ಬಿಸಿಯಿರುವಾಗ ಅದರ ಮುಚ್ಚಳವನ್ನೂ ರೇಡಿಯೇಟರ್ ಮುಚ್ಚಳವನ್ನೂ ಯಾವ ಕಾರಣಕ್ಕೂ ತೆಗೆಯಬೇಡಿ. ಅದು ಪ್ರೆಶರ್ ಕುಕ್ಕರ್ ಇದ್ದ ಹಾಗೆ. ಒಳಗೆ ನೂರು ಡಿಗ್ರಿ ದಾಟಿದರೂ ಒತ್ತಡ ಇರುವುದರಿಂದ ಕುದಿಯುತ್ತಿರುವುದಿಲ್ಲ. ಮುಚ್ಚಳ ತಿರುಗಿಸಿದ ಕ್ಷಣ ಎಲ್ಲವೂ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಬರೀ ಬೋರ್‌ವೆಲ್ ನೀರು ಹಾಕಿ ಓಡಿಸುವ ರೂಢಿ ಇದೆ. ತುರ್ತಿಗೆ ಪರವಾಗಿಲ್ಲ. ಅದನ್ನೇ ಮುಂದುವರಿಸಿದರೆ ಬಿಂದಿಗೆ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಕೊಳವೆಯೊಳಗೂ ಕಟ್ಟುತ್ತದೆ.

ಬ್ರೇಕ್ ಆಯಿಲ್ ಡಬ್ಬದಲ್ಲಿ ಮಟ್ಟ ನಿಧಾನವಾಗಿ ಇಳಿದರೆ ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡ್ ಸವೆಯುತ್ತಿದೆ ಅಂತ ಅರ್ಥ. ಏಕಾಏಕಿ ಇಳಿದರೆ ಎಲ್ಲೋ ಸೋರುತ್ತಿದೆ, ಗಾಡಿ ತೆಗೆಯಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ–ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್ ವೈರ್ ಬಿಚ್ಚಿ, ಆಮೇಲೆ ಪ್ಲಸ್. ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ಉಜ್ಜಿ, ಒಣಗಿಸಿ, ವ್ಯಾಸಲಿನ್ ಸವರಿ. ಜೋಡಿಸುವಾಗ ಮೈನಸ್ ಕೊನೆಗೆ.

ಏರ್ ಫಿಲ್ಟರ್ ಬಗ್ಗೆ ಒಂದು ನಂಬಿಕೆ ಇದೆ, ಅದು ಕಟ್ಟಿಕೊಂಡರೆ ಮೈಲೇಜ್ ಬಿದ್ದೇ ಹೋಗುತ್ತದೆ ಅಂತ. ಕಾರ್ಬುರೇಟರ್ ಕಾಲಕ್ಕೆ ಅದು ನಿಜ. ಈಗಿನ ಇಂಜೆಕ್ಷನ್ ಪೆಟ್ರೋಲ್ ಗಾಡಿಗಳಲ್ಲಿ ಎಷ್ಟು ಗಾಳಿ ಬಂತೋ ಅಷ್ಟಕ್ಕೇ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ಹಾಗಾಗಿ ಮೊದಲು ಗೊತ್ತಾಗುವುದು ಪಿಕಪ್ ಕಮ್ಮಿಯಾಗಿದ್ದು. ಆದರೂ ಮಣ್ಣು ರಸ್ತೆಯಲ್ಲಿ ಓಡುವ ಗಾಡಿಗೆ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗಿಂತ ಮೊದಲೇ ಬದಲಿಸಿ, ಧೂಳು ಒಳಹೋದರೆ ಸವೆಯುವುದು ಎಂಜಿನ್.

ನಾಲ್ಕನೇ ಹೆಜ್ಜೆ: ಓಡಿಸಿ ಬಂದ ಮೇಲೆ ಅಂಗೈ ಒಡ್ಡಿ

ಚಿಕ್ಕಪ್ಪ ಮಾಡಿದ್ದು ಇದೇ. ಇಪ್ಪತ್ತು ಮೂವತ್ತು ಕಿ.ಮೀ. ಹೈವೇಯಲ್ಲಿ ಓಡಿಸಿ, ಜೋರಾಗಿ ಬ್ರೇಕ್ ಹಾಕದೆ ನಿಲ್ಲಿಸಿ. ನಾಲ್ಕೂ ಚಕ್ರದ ನಡುಭಾಗಕ್ಕೆ ಒಂದು ಗೇಣು ದೂರದಲ್ಲಿ ಕೈ ಹಿಡಿಯಿರಿ. ಮುಂದಿನವು ಹಿಂದಿನವುಗಳಿಗಿಂತ ಬಿಸಿ ಇರುತ್ತವೆ, ಅದು ಸರಿ. ಎಡ–ಬಲ ಒಂದೇ ಥರ ಇರಬೇಕು. ಒಂದು ಕಡೆ ಮಾತ್ರ ಝಳ ಹೊಡೆದರೆ ಬ್ರೇಕ್ ಹಿಡಿದಿದೆ, ಇಲ್ಲವೇ ಚಕ್ರ ಸರಾಗವಾಗಿ ತಿರುಗಿಸುವ ಬೇರಿಂಗ್ ಹೋಗುತ್ತಿದೆ. ಮನೆ ಮುಂದೆ ಮಟ್ಟಸ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ, ಒಬ್ಬರು ಸ್ಟೀರಿಂಗ್ ಹಿಡಿದು ಕೂತು, ಇನ್ನೊಬ್ಬರು ತಳ್ಳಿ ನೋಡಿ. ಚಿಕ್ಕ ಕಾರು ಒಬ್ಬರ ಬಲಕ್ಕೆ ಸರಾಗವಾಗಿ ಸರಿಯಬೇಕು.

ಲಾರಿ ಚಾಲಕರು ಡಾಬಾ ಮುಂದೆ ನಿಲ್ಲಿಸಿದಾಗ ಕ್ಲೀನರ್ ರಾಡ್ ಹಿಡಿದು ಟೈರುಗಳಿಗೆ ಬಡಿಯುತ್ತಾ ಸುತ್ತು ಹಾಕುವುದನ್ನು ನೋಡಿರುತ್ತೀರಿ, ಅಲ್ವಾ? ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದು ಪಂಕ್ಚರ್ ಆದರೆ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಳಿ ತುಂಬಿದ ಟೈರು ‘ಠಣ್’ ಅಂತ ರಾಡನ್ನು ಹಿಂದಕ್ಕೆ ಒಗೆಯುತ್ತದೆ. ಇಳಿದ ಟೈರು ‘ದಬ್’ ಅನ್ನುತ್ತದೆ. ಏರ್ ಬ್ರೇಕ್ ಇರುವ ಲಾರಿಗಳಲ್ಲಿ ಗಾಳಿ ಟ್ಯಾಂಕಿನ ತಳದ ವಾಲ್ವ್ ಎಳೆದು ನೀರು ಬಿಡುವ ಕೆಲಸವನ್ನು ದಿನಾ ಮಾಡಬೇಕು. ಆ ನೀರು ಬ್ರೇಕ್ ವಾಲ್ವಿಗೆ ಹೋದರೆ ಘಾಟಿಯಲ್ಲಿ ಬೆಲೆ ತೆರಬೇಕಾಗುತ್ತದೆ.

ಐದನೇ ಹೆಜ್ಜೆ: ಬಲಗಾಲಿನ ಕೆಲಸ

ಹೈವೇಯಲ್ಲಿ ಎಂಜಿನ್ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. 80ರಿಂದ 100ಕ್ಕೆ ಏರಿದರೆ ವೇಗ ಕಾಲು ಭಾಗ ಹೆಚ್ಚು, ಗಾಳಿಯ ತಡೆ ಮಾತ್ರ ಒಂದೂವರೆ ಪಟ್ಟು ದಾಟುತ್ತದೆ. ಟಾಪ್ ಗೇರಿನಲ್ಲಿ 80ರ ಆಸುಪಾಸು ಹೋಗಿ ನೋಡಿ, ವ್ಯತ್ಯಾಸವನ್ನು ನಿಮ್ಮ ಪುಸ್ತಕವೇ ತೋರಿಸುತ್ತದೆ. ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ. ದೊಡ್ಡ ಸಿಗ್ನಲ್‌ಗಳಲ್ಲಿ ಎಂಜಿನ್ ಆಫ್ ಮಾಡಿ.

ಈ ಹೆಜ್ಜೆಯಲ್ಲಿ ನಾನು ಕೈ ಮುಗಿದು ಕೇಳುವುದು ಒಂದೇ. ಶಿರಾಡಿ, ಚಾರ್ಮಾಡಿ, ಆಗುಂಬೆ ಯಾವ ಘಾಟಿಯಾದರೂ ಸರಿ, ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯಬೇಡಿ. ಅದರಿಂದ ಉಳಿಯುವುದೇನೂ ಇಲ್ಲ. ಈಗಿನ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಉರಿಯುತ್ತಿರಲು ಇಂಧನ ಬೇಕೇ ಬೇಕು. ಎಂಜಿನ್ ಆಫ್ ಮಾಡುವುದಂತೂ ಇನ್ನೂ ಅಪಾಯ: ಎರಡು ಮೂರು ಸಲ ತುಳಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಹತ್ತುವ ಗೇರಿನಲ್ಲೇ ಇಳಿಯಿರಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ. ಬಿಸಿ ಬ್ರೇಕಿಗೆ ನೀರು ಎರಚದೆ ತಾನಾಗಿ ಆರಲು ಬಿಡಿ.

ಬಿಎಸ್6 ಎಂಬ ಹೊಗೆ ನಿಯಮಕ್ಕೆ ತಕ್ಕಂತೆ ತಯಾರಾದ ಡೀಸೆಲ್ ಕಾರು ಇದ್ದು, ಮಕ್ಕಳನ್ನು ಸ್ಕೂಲಿಗೆ ಬಿಡಲಷ್ಟೇ ಬಳಸುತ್ತಿದ್ದರೆ ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್ ಎಂಬ ಮಸಿ ಜರಡಿ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಇಪ್ಪತ್ತು–ಮೂವತ್ತು ನಿಮಿಷ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಆ ಬಿಸಿಗೆ ಮಸಿ ಸುಟ್ಟುಹೋಗುತ್ತದೆ.

ಗ್ಯಾರೇಜಿಗೆ ಹೋದಾಗ

‘ಬ್ರೇಕ್ ಪ್ಯಾಡ್ ಬದಲಿಸಿ’ ಅನ್ನುವ ಬದಲು ಏನಾಗುತ್ತಿದೆ ಅನ್ನುವುದನ್ನು ಹೇಳಿ: ‘ಬೆಳಿಗ್ಗೆ ಮೊದಲ ಸಲ ಬ್ರೇಕ್ ಒತ್ತಿದಾಗ ಎಡಗಡೆ ಕೀರಲು ಶಬ್ದ, ಬಿಸಿಯಾದ ಮೇಲೆ ಇಲ್ಲ.’ ಶಬ್ದ ಯಾವಾಗ, ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ ಬರುತ್ತದೆ ಅನ್ನುವುದು ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿಸಿ ಕೊಟ್ಟ ಹಾಗೆ. ಬದಲಿಸಿದ ಹಳೇ ಸಾಮಾನು ತೋರಿಸಿ ಅಂತ ಕೇಳಿ, ಅದರಲ್ಲಿ ಮುಜುಗರ ಬೇಡ. ನಮ್ಮ ಕಾರಿನಿಂದ ಬಿಚ್ಚಿದ ಆ ಕೇಬಲನ್ನು ನಾನೂ ಕೈಗೆ ತೆಗೆದುಕೊಂಡು ನೋಡಿದೆ. ಹೊರಗೆ ಕಪ್ಪು ರಬ್ಬರ್ ಹೊಸದರಂತೆ ಇತ್ತು. ಹಿಂದಿನ ಚಕ್ರದ ಹತ್ತಿರ, ಬೆರಳಗಲ ಜಾಗದಲ್ಲಿ ಅದು ಸೀಳಿತ್ತು. ಒಳಗಿನ ತಂತಿ ಎಳೆದರೆ ಬರುತ್ತಿರಲಿಲ್ಲ, ಕೆಂಪು ಪುಡಿ ಮಾತ್ರ ಉದುರಿತು.